ಕರಿ ಬಿಡು, ಬಿಳಿ ಹಿಡಿ

ನಾನು ನಿನಗೆ ಹೇಳಿರಲಿಲ್ಲ, ಅಫ್ರೀನ್. ಆ ಬೆಳಿಗ್ಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿಯುವ ಮೊದಲು, ಎಲ್ಲಿ ಕಾಲಿಡಬಾರದು ಎಂದು ನಿನಗೂ ಹೇಳಲಿಲ್ಲ, ಉಳಿದ ಮಕ್ಕಳಿಗೂ ಹೇಳಲಿಲ್ಲ. ಹೇಳಿದ್ದೆ, ನೀನೇ ಕೇಳಲಿಲ್ಲ ಎಂದು ನಿನ್ನ ಅಬ್ಬಾನಿಂದ ಹಿಡಿದು ಇಡೀ ಬೀದರನ್ನು ನಂಬಿಸಿದೆ. ನೀನೂ ನಂಬಿದ್ದೀಯ — ಅದು ಗೊತ್ತಾದದ್ದು ಹೋದ ವಾರ, ಭಾಲ್ಕಿ ಬಸ್ ನಿಲ್ದಾಣದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೀದರಿನಲ್ಲಿ ಮಕ್ಕಳ ಐಸ್ ಹಾಕಿ ತಂಡವೊಂದಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬುತ್ತಿರಲಿಲ್ಲ. ನಾನು ಬಿ.ಪಿ.ಎಡ್. ಮುಗಿಸಿ ಸಾಲೆಯೊಂದಕ್ಕೆ ಆಟದ ಮಾಸ್ತರನಾಗಿ ಸೇರಿದ್ದೆ. ಗಾಲಿ ಸ್ಕೇಟಿಂಗ್ ಕಲಿಸುತ್ತಾ ನಿಮ್ಮ ಕೈಗೆ ಹಾಕಿ ಕೋಲು ಕೊಟ್ಟೆ. ನಮ್ಮಂಥ ಊರುಗಳ ಸ್ಕೇಟಿಂಗ್ ಮಕ್ಕಳನ್ನು ಲಡಾಖಿಗೆ ಕರೆಸಿ ಐಸ್ ಹಾಕಿ ಶಿಬಿರ ಮಾಡುತ್ತಾರೆಂದು ಗೊತ್ತಾಗಿದ್ದೇ ತಡ, ಅಂಗಿಗಳ ಬೆನ್ನಿಗೆ ‘ಬೀದರ ಜೂನಿಯರ್ ಐಸ್ ಹಾಕಿ’ ಎಂದು ಬರೆಸಿಬಿಟ್ಟೆ. ಮಂಜುಗಡ್ಡೆಯನ್ನು ನಾವು ಕಂಡದ್ದು ಕಬ್ಬಿನಹಾಲಿನ ಅಂಗಡಿಯ ಗೋಣಿತಟ್ಟಿನಲ್ಲಿ ಮಾತ್ರ.

ಭಾಲ್ಕಿ ರಸ್ತೆಯ ದಾಲ್ ಮಿಲ್ಲಿನ ಅಂಗಳ ನಮ್ಮ ಮೈದಾನ. ನೆನೆಸಿದ ತೊಗರಿ ಒಣಹಾಕಲು ಮಾಡಿದ ಸಿಮೆಂಟಿನ ನೆಲ ಅದು. ಅಷ್ಟು ಅಗಲದ, ಅಷ್ಟು ನುಣುಪಿನ ನೆಲ ಸುತ್ತ ಎಲ್ಲೂ ಇರಲಿಲ್ಲ. ರವಿವಾರ ಮಿಲ್ಲು ಬಂದ್. ಔರಾದ್ ಕಡೆಯ ಠಾಣಾ ಕುಶನೂರಿನಿಂದ ಬಸವರಾಜ ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದ. ಟ್ರ್ಯಾಕ್ಟರಿನ ಹಳೇ ಟೈರು ಕೊಯ್ದು ಮಾಡಿದ ದುಂಡನೆಯ ಚಕ್ಕೆಯೇ ನಮ್ಮ ಚೆಂಡು. ಮಿಲ್ಲಿನ ಹಮಾಲರು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಾ ಕಾಡುತ್ತಿದ್ದರು: “ಮಾಸ್ತರ, ಬರ್ಫ ಎಲ್ಲಿ ಅದರಿ? ಕುಲ್ಫಿ ಗಾಡಿ ಮ್ಯಾಲ ಆಡಸ್ತೀರೇನು?”

ನೀನು ಗೋಲಿನಲ್ಲಿ ನಿಂತಲ್ಲಿಂದಲೇ ಕೂಗುತ್ತಿದ್ದೆ: “ಬರ್ಫ ನಾವ್ ತರ್ತೇವ್ರಿ ಕಾಕಾ, ನೀವು ಶರಬತ್ತ ಕಲಸಿ ಇಡ್ರಿ!”

ನಿನ್ನ ಅಬ್ಬಾ ಗಾದಿ, ರಜಾಯಿ ಹೊಲಿಯುವವರು. ಗೋಲ್ ಕಾಯುವವರ ಕಾಲಿಗೂ ಎದೆಗೂ ಕಟ್ಟುವ ಪ್ಯಾಡುಗಳನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅವರೇ ದಪ್ಪ ಬಟ್ಟೆಯೊಳಗೆ ಹತ್ತಿ ತುಂಬಿ, ಒತ್ತಾಗಿ ಟಾಕಿ ಹಾಕಿ ಹೊಲಿದುಕೊಟ್ಟರು. ರೈಲು ನಿಲ್ದಾಣದಲ್ಲಿ ಆ ಗಂಟನ್ನು ನನ್ನ ಕೈಗಿಡುತ್ತಾ ಹೇಳಿದ್ದರು: “ಮಾಸ್ಟರ್ ಸಾಬ್, ಹತ್ತಿ ಗಚ್ಚಾಗಿ ತುಂಬೀನ್ರಿ. ಹ್ಯಾಂಗ ಬಿದ್ರೂ ಪೆಟ್ಟಾಗಂಗಿಲ್ಲ. ಉಳಿದದ್ದು ನಿಮ್ಮ ಕೈಯಾಗ ಅದ.”

ಉಳಿದದ್ದು ನನ್ನ ಕೈಯಲ್ಲಿತ್ತು.

ಆಟಕ್ಕೆ ಮುಂಚೆ ಅಂಗಳ ತೊಳೆಯುತ್ತಿದ್ದೆವಲ್ಲ, ನೆನಪಿದೆಯೇ? ಬಿಸಿಲು ಬಿದ್ದಂತೆ ನೆಲ ಅಲ್ಲಲ್ಲಿ ಒಣಗಿ ಬೆಳ್ಳಗಾಗುತ್ತಿತ್ತು, ಹಸಿ ಉಳಿದ ಜಾಗ ಕಪ್ಪಗೆ ಕಾಣುತ್ತಿತ್ತು. ಹಸಿಯ ಮೇಲೆ ಗಾಲಿ ಜಾರಿ ಎಷ್ಟು ಮಂಡಿಗಳು ಒಡೆದವೋ. ಅದಕ್ಕೇ ನಾನು ಪ್ರತಿ ಸಲವೂ ಕೂಗುತ್ತಿದ್ದೆ — ಕರಿ ಬಿಡು, ಬಿಳಿ ಹಿಡಿ. ಎಷ್ಟು ಕೂಗಿದೆನೆಂದರೆ ಆಮೇಲೆ ಕೂಗುವ ಅಗತ್ಯವೇ ಬೀಳಲಿಲ್ಲ. ಯೋಚಿಸದೆಯೇ ನಿಮ್ಮ ಕಾಲುಗಳು ತಾವಾಗಿ ಬಿಳಿಯತ್ತ ತಿರುಗುತ್ತಿದ್ದವು. ಅದು ನನ್ನ ಹೆಮ್ಮೆಯಾಗಿತ್ತು.

ಲಡಾಖಿನ ಆ ಕೆರೆಯ ದಂಡೆಯಲ್ಲಿ ನೀವೆಲ್ಲ ಬೂಟು ಕಟ್ಟಿಕೊಳ್ಳುತ್ತಿದ್ದಾಗ, ಅಲ್ಲಿಯ ಮಕ್ಕಳ ತರಬೇತುದಾರಳು ಡೋಲ್ಮಾ ನನ್ನನ್ನು ಪಕ್ಕಕ್ಕೆ ಕರೆದಳು. ನನ್ನದೇ ವಯಸ್ಸಿನವಳು. ಚಳಿ ಮುಗಿಯುತ್ತಾ ಬಂದಿದೆ, ಜೋಪಾನ ಎಂದಳು. ಕೆಳಗಿನ ನೀರಿನ ಕಪ್ಪು ಕಾಣುವಷ್ಟು ತಿಳಿಯಾದ ಮಂಜುಗಡ್ಡೆ ಗಟ್ಟಿ. ಬೆಳ್ಳಗಿರುವುದು ಹಿಮ ಬಿದ್ದು ಅರ್ಧಂಬರ್ಧ ಗಟ್ಟಿಯಾದದ್ದು, ಒಳಗೆ ಟೊಳ್ಳು. ನಿಮ್ಮ ಗೋಲಿನ ಹಿಂದೆ ಕಾಲುವೆ ಸೇರುವ ಕಡೆ ಎಲ್ಲ ಬಿಳಿಯೇ. “ಕಾಲಾ ಪಕ್ಕಾ, ಸಫೇದ್ ಕಚ್ಚಾ. ಬಚ್ಚೋಂ ಕೋ ಬತಾ ದೇನಾ, ಸರ್,” ಎಂದಳು — ಮಕ್ಕಳಿಗೆ ಹೇಳಿಬಿಡಿ ಅಂತ. ನಾನು ತಲೆಯಾಡಿಸಿದೆ.

ತಲೆಯಾಡಿಸಿ ನಿಮ್ಮ ಹತ್ತಿರ ಬಂದೆ. ಬಸವರಾಜನ ಹಲ್ಲು ಕಟಕಟ ಅನ್ನುತ್ತಿತ್ತು. ನೀವು ಆಗಷ್ಟೇ ಆಸರೆ ಬಿಟ್ಟು ನಿಲ್ಲಲು ಕಲಿತಿದ್ದಿರಿ. ಅಲ್ಲಿಯ ಮಕ್ಕಳು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಇವರೆದುರು, ನಾನು ಕಲಿಸಿದ್ದೆಲ್ಲ ಇಲ್ಲಿ ಉಲ್ಟಾ ಎಂದು ಹೇಗೆ ಹೇಳುವುದು — ಅನ್ನಿಸಿತು. ಅಷ್ಟೇ. ಇನ್ನೇನೂ ಅಲ್ಲ. ವಿರಾಮದಲ್ಲಿ ಹೇಳಿದರಾಯಿತು ಅಂದುಕೊಂಡೆ. ಸೀಟಿ ಊದಿದೆ.

ಚಕ್ಕೆ ನಿನ್ನ ಗೋಲಿನ ಪಕ್ಕದಿಂದ ಹಾದು ಹಿಂದಕ್ಕೆ ಹೋಯಿತು. ಮಿಲ್ಲಿನ ಅಂಗಳದಲ್ಲಿ ಅದನ್ನು ತರುವುದು ನಿನ್ನದೇ ಕೆಲಸವಾಗಿತ್ತು. ಇಲ್ಲೂ ನೀನೇ ಹೊರಟೆ. ನೇರ ದಾರಿ ಕಪ್ಪಾಗಿತ್ತು. ಅದರ ಅಂಚಿನಲ್ಲಿ ನೀನು ಒಂದು ಗಳಿಗೆ ನಿಂತೆ. ಆಮೇಲೆ ದೂರವಾದರೂ ಸುತ್ತು ಹಾಕಿ ಬಿಳಿಯ ಮೇಲೆ ಹೋದೆ. ನಾನು ನೋಡುತ್ತಿದ್ದೆ. ಬಾಯಿ ತೆರೆಯುವಷ್ಟು ಹೊತ್ತು ಇತ್ತು, ಅಫ್ರೀನ್. ಈಗಲೂ ದಿನವೂ ಆ ಸುತ್ತನ್ನು ನೋಡುತ್ತೇನೆ, ಈ ಸಲವಾದರೂ ಕೂಗುತ್ತೇನೆ ಅಂತ ಕಾಯುತ್ತೇನೆ —

ದೊಡ್ಡ ಸಪ್ಪಳವೇನೂ ಆಗಲಿಲ್ಲ. ಹಸಿ ಬಟ್ಟೆ ನೆಲಕ್ಕೆ ಬಿದ್ದಷ್ಟೇ ಸಪ್ಪಳ. ನೀನಿದ್ದ ಜಾಗದಲ್ಲಿ ಕರಿ ನೀರು. ಅಂಚು ಹಿಡಿದೆ, ಮುರಿಯಿತು. ಇನ್ನೊಂದು ಅಂಚು ಹಿಡಿದೆ, ಅದೂ ಮುರಿಯಿತು. ಹತ್ತಿ ನೀರು ಕುಡಿದು ನಿನ್ನನ್ನು ಕೆಳಗೆ ಜಗ್ಗುತ್ತಿತ್ತು. ಡೋಲ್ಮಾ ಹೊಟ್ಟೆಯ ಮೇಲೆ ತೆವಳುತ್ತಾ ಹೋಗಿ ಕೋಲು ಚಾಚಿದಳು, ಅವಳ ಕಾಲನ್ನು ಬಸವರಾಜ ಹಿಡಿದ, ಅವನ ಕಾಲನ್ನು ಮತ್ತೊಬ್ಬರು. ನಾನು ನಿಂತಲ್ಲೇ ನಿಂತಿದ್ದೆ.

ನೀನು ಉಳಿದೆ. ಆಸ್ಪತ್ರೆ ದೂರವಿತ್ತು, ಚಳಿಗೆ ಮರಗಟ್ಟಿದ ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಡೋಲ್ಮಾ ಕೇಳಿದಳು — ಮಕ್ಕಳಿಗೆ ಹೇಳಿದ್ದಿರಿ ತಾನೇ? “ಹೇಳಿದ್ದೆ. ಆಕೆ ಕೇಳಲಿಲ್ಲ.” ಎಷ್ಟು ಸರಾಗವಾಗಿ ಬಂತು ಆ ಮಾತು! ಅದನ್ನೇ ಫೋನಿನಲ್ಲಿ ನಿನ್ನ ಅಬ್ಬಾನಿಗೆ ಹೇಳಿದೆ. ಬಸವರಾಜ ಮಾತ್ರ ರೈಲಿನಲ್ಲಿ ಮೆಲ್ಲಗೆ ಕೇಳಿದ: “ಸರ್, ನೀವು ಹೇಳಿದ್ದು ನನಗ್ಯಾಕ ನೆನಪಿಲ್ರಿ?” “ನೀನು ಬೂಟು ಕಟ್ಟಿಕೊಳ್ಳೋದ್ರಾಗ ಇದ್ದಿ,” ಎಂದೆ. ಪಾಪ, ಆ ಹುಡುಗ ತನ್ನ ನೆನಪನ್ನೇ ಬೈದುಕೊಂಡ.

ಸಾಲೆಯವರು ತಂಡ ಮುಚ್ಚಿದರು. ಹುಡುಗಿ ಮಾತು ಕೇಳದ್ದಕ್ಕೆ ಎಲ್ಲ ಹಾಳಾಯಿತು ಎಂದು ಊರು ಆಡಿಕೊಂಡಿತು. ನಿನ್ನ ಅಬ್ಬಾ ನಿನ್ನನ್ನು ಆಟದಿಂದ ಬಿಡಿಸಿದರು, ಸ್ವಲ್ಪ ದಿನಕ್ಕೆ ಸಾಲೆಯಿಂದಲೂ. ನಾನು ಒಮ್ಮೆ ಅಂಗಡಿಗೆ ಹೋಗಿದ್ದೆ. ಹತ್ತಿ ಹಿಂಜುತ್ತಾ, ತಲೆ ಎತ್ತದೆ ಅಂದರು: “ನಿಮ್ಮ ಕಡಿಂದ ಏನೂ ತಪ್ಪಿಲ್ರಿ ಸಾಬ್. ಆಕಿ ಕೇಳಲಿಲ್ಲ. ಮ್ಯಾಲ ನಾ ಹತ್ತಿ ಭಾಳ ತುಂಬಿದೆ.” ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಹೋದ ವಾರ ಭಾಲ್ಕಿಯಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಪಕ್ಕದಲ್ಲಿ ನಿನ್ನ ಮಗಳು ಗಾಲಿ ಬೂಟು ಬೇಕೆಂದು ಸೆರಗು ಜಗ್ಗುತ್ತಿದ್ದಳು. “ಸರ್, ನಿಮ್ಮ ಮುಂದ ಒಂದ್ ಮಾತ ಹೇಳಬೇಕಂತ ಎಷ್ಟ್ ವರ್ಷದಿಂದ ಅನ್ಕೊಂಡೀನ್ರಿ. ನೀವು ಹೇಳಿದ್ದು ನನಗ ಕೇಳಿಸೇ ಇಲ್ರಿ. ಟೋಪಿ ಕಿವಿ ಮ್ಯಾಲ ಇತ್ತೇನೋ. ಮಾಫ್ ಮಾಡ್ರಿ. ನನ್ನಿಂದ ನಿಮ್ಮ ಟೀಮ್ ಹೋಯ್ತು,” ಎಂದೆ. ಆಮೇಲೆ ಬಗ್ಗಿ ಮಗಳಿಗೆ, “ನೋಡು, ಇವರೇ ನಮ್ಮ ಸರ್. ಇವರ ಮಾತ ಕೇಳಿದ್ರ ಅಮ್ಮೀ ಬೀಳ್ತಿದ್ದಿಲ್ಲ,” ಎಂದೆ.

ನೀನು ಬಿದ್ದದ್ದು ನನ್ನ ಮಾತು ಕೇಳಿದ್ದರಿಂದಲೇ. ನನ್ನ ಮಕ್ಕಳಲ್ಲಿ ನಿನ್ನಷ್ಟು ಚೆನ್ನಾಗಿ ಕೇಳಿದವರು ಯಾರೂ ಇಲ್ಲ.

ಬಸ್ಸು ಬಂತು. ಆಗಲೂ ನಾನು ಬಾಯಿ ತೆರೆಯಲಿಲ್ಲ.

ಮರೆತೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಗಡಿಬಿಡಿ, ಚಳಿ, ಸೀಟಿ… ಆದರೆ ನಾನು ನಿಂತಿದ್ದ ಜಾಗ ನನಗೆ ಗೊತ್ತು. ಸೀಟಿ ಊದುವ ಮೊದಲು ನನ್ನ ಕಾಲುಗಳು ಬಿಳಿಯನ್ನು ತಪ್ಪಿಸಿಕೊಂಡು ಬಂದು, ಎಲ್ಲಕ್ಕಿಂತ ಕಪ್ಪಾದ ಜಾಗ ಹುಡುಕಿ ನಿಂತಿದ್ದವು. ಮರೆತವನ ಕಾಲು ಹಾಗೆ ಹುಡುಕುವುದಿಲ್ಲ.

ಇದನ್ನು ನಿನಗೆ ಕಳಿಸುತ್ತೇನೆ. ಮಗಳಿಗೆ ಓದಿ ಹೇಳು, ಅಥವಾ ಹರಿದು ಹಾಕು. ನಿನ್ನ ಅಬ್ಬಾನಿಗೆ ಕನ್ನಡ ಓದಲು ಬರುವುದಿಲ್ಲ; ಅವರಿಗೆ ನಾನೇ ಹೋಗಿ, ಅವರ ಮಾತಿನಲ್ಲೇ ಹೇಳಬೇಕು. ನಾಳೆ ಅಂಗಡಿ ತೆರೆಯುವ ಹೊತ್ತಿಗೆ ಹೋಗುತ್ತೇನೆ, ಗಿರಾಕಿಗಳು ಇದ್ದರೆ ಇರಲಿ. ಚಾಚಾ, ಮೈ ಬೋಲಾಚ್ ನೈ — ನಾನು ಹೇಳೇ ಇರಲಿಲ್ಲ. ಹತ್ತಿಯದೂ ತಪ್ಪಿಲ್ಲ, ಹುಡುಗಿಯದೂ ತಪ್ಪಿಲ್ಲ.

ಆಕೆ ಮುಳುಗುವಾಗ ನೀವು ಎಲ್ಲಿ ನಿಂತಿದ್ದಿರಿ ಎಂದು ಅವರು ಕೇಳಬಹುದು. ಅದನ್ನೂ ಹೇಳುತ್ತೇನೆ.