ಸ್ವಿಚ್‌ಬೋರ್ಡಿನ ಪಕ್ಕದ ಕುರ್ಚಿ

ಗಿಟಾರಿನ ತಂತಿ ಮೀಟುವ ಬಿಲ್ಲೆಗಾಗಿ ನನ್ನ ಸೋಪಿನ ಡಬ್ಬಿಯ ಮುಚ್ಚಳ ಕತ್ತರಿಸುವವರ ಜೊತೆ ಸಂಸಾರ ಮಾಡಿದವಳು ನಾನು. ಮದುವೆಯಾದ ವರ್ಷವೇ ಮೂರು ಮುಚ್ಚಳ ಹೋದವು. ಕೇಳಿದರೆ, "ಸೋಪಿಗ್ಯಾಕೆ ಮುಚ್ಚಳ ಕಣೇ, ಅದೇನು ಹಾಲಾ?" ಅನ್ನುವರು.

ಆಗ ತೊಂಬತ್ತರ ದಶಕ. ನಮ್ಮ ಯಜಮಾನರು ಮೂವರು ಗೆಳೆಯರ ಜೊತೆ ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಒಂದು ಲೇತ್ ಶೆಡ್ಡಿನಲ್ಲಿ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದರು. ನಮ್ಮೂರಲ್ಲಿ ರಾಕ್ ಕೇಳುವವರು ಯಾರು? ಹಾಗಾಗಿ ಗುಬ್ಬಿ, ಕುಣಿಗಲ್ ಕಡೆ ಆರತಕ್ಷತೆಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದರು. ಅಲ್ಲೂ ಇವರದೊಂದು ಚಾಳಿ. ಹಾಡಿನ ನಡುವೆ ಗಿಟಾರ್ ಒಂದೇ ನುಡಿಯುವ ಜಾಗ ಬಂತೆಂದರೆ ಕಣ್ಣು ಮುಚ್ಚಿಬಿಡುವುದು. ಮುಚ್ಚಿದ ಮೇಲೆ ಹಾಡಿಗೆ ವಾಪಸ್ ಬರುವ ಮಾತೇ ಇಲ್ಲ. ಕುಣಿಗಲ್ಲಿನ ಛತ್ರವೊಂದರಲ್ಲಿ ಗಾಯಕ ಮೈಕ್ ಹಿಡಿದು ಕಾದೂ ಕಾದೂ ಊಟದ ಪಂಕ್ತಿಗೆ ಹೋಗಿ ಕುಳಿತ. ಪಾಯಸ ಮುಗಿಸಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಬಂದಾಗಲೂ ಇವರ ಕಣ್ಣು ಮುಚ್ಚಿಯೇ ಇತ್ತು. ಆಮೇಲೆ ಯಾರೂ ಕರೆಯಲಿಲ್ಲ. ಬ್ಯಾಂಡ್ ಚದುರಿತು.

ನಾನು ಓದಿದ ಕಾನ್ವೆಂಟಿಗೇ ಹೋಗಿ ಹೆಡ್ ಸಿಸ್ಟರ್ ಮುಂದೆ ನಿಂತೆ. ಇವರಿಗೆ ಸಂಗೀತದ ಮೇಷ್ಟ್ರ ಕೆಲಸ ಸಿಕ್ಕಿತು, ಅದೂ ಒಂದೇ ವರ್ಷದ ಮಟ್ಟಿಗೆ.

"ಸ್ಕೂಲ್ ಡೇ ನೋಡಿ ಪರ್ಮನೆಂಟ್ ಮಾಡ್ತೀನಮ್ಮ," ಎಂದರು ಸಿಸ್ಟರ್.

ಆ ಸ್ಕೂಲ್ ಡೇ ಸ್ವಾಗತ ಗೀತೆಯ ನಡುವೆಯೂ ಇವರು ಗಿಟಾರಿಗೆ ಜಾಗ ಇಟ್ಟಿದ್ದಾರೆಂದು ನನಗೆ ತಿಳಿದದ್ದು ಒಂದು ವಾರ ಮೊದಲು, ಸಾರು ಕುದಿಸುವಾಗ.

"ಬೇಡಾರೀ, ಕೈ ಮುಗೀತೀನಿ."

"ತಾಳ ಎಂಟೇ ಸುತ್ತು ಕಣೇ. ಮಕ್ಕಳಿಗೆ ಬೆರಳಲ್ಲಿ ಎಣಿಸೋದು ಹೇಳ್ಕೊಟ್ಟಿದೀನಿ."

"ಮಕ್ಕಳು ಎಣಿಸ್ತಾವೆ. ನೀವು?"

ಆ ದಿನ ನಾನು ಅತಿಥಿಗಳ ಸಾಲು ಬಿಟ್ಟು ವೇದಿಕೆಯ ಪಕ್ಕ, ಸ್ವಿಚ್‌ಬೋರ್ಡಿನ ಹತ್ತಿರ ಕುರ್ಚಿ ಎಳೆದುಕೊಂಡೆ. ಗಿಟಾರಿನ ಸ್ಪೀಕರ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತೆ. ಗಂಡನ ಕೆಲಸ ಉಳಿಸಲು ಗಂಡನ ಕರೆಂಟನ್ನೇ ತೆಗೆಯಬೇಕಾದ ಸ್ಥಿತಿ.

ಇವರು ಕಣ್ಣು ಮುಚ್ಚಿದರು. ಸಿಸ್ಟರ್ ವಾಚ್ ನೋಡಿಕೊಂಡರು. ನನ್ನ ಬೆರಳು ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಹಾಡುವ ಮಕ್ಕಳ ಮುಂದಿನ ಸಾಲಿನಲ್ಲಿ ಹಲ್ಲು ಬಿದ್ದ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಲಂಗದ ನೆರಿಗೆಯಲ್ಲಿ ಎರಡೂ ಕೈ ಅವಿತಿಟ್ಟು ಒಂದೊಂದೇ ಬೆರಳು ಮಡಚುತ್ತಿದ್ದಳು. ಎಂಟನೆಯದು ಮಡಚಿದ್ದೇ ತಡ, ಅಷ್ಟೂ ಮಕ್ಕಳು ಒಂದೇ ಬಾಯಲ್ಲಿ ಹಾಡು ಎತ್ತಿಕೊಂಡರು. ಇವರು ಗಾಬರಿಯಾಗಿ ಕಣ್ಣು ಬಿಟ್ಟರು, ತಂತಿ ತಡವರಿಸಿ ಹಾಡಿನ ಹಿಂದೆಯೇ ಓಡಿ ಬಂದು ಸೇರಿಕೊಂಡರು.

"ಮಕ್ಕಳಿಗೆ ಶಿಸ್ತು ಕಲಿಸಿದಾರೆ. ಸೋಮವಾರ ಬಂದು ಪರ್ಮನೆಂಟ್ ಆರ್ಡರ್ ತಗೊಳ್ಳಲಿ," ಎಂದರು ಸಿಸ್ಟರ್.

ಶಿಸ್ತಂತೆ. ಸ್ಕೂಟರ್ ಶಿರಾ ಗೇಟ್ ದಾಟುವವರೆಗೂ ಇವರದು ಒಂದೇ ಗೊಣಗಾಟ.

"ನಾನಿನ್ನೂ ಶುರುನೇ ಮಾಡಿರ್ಲಿಲ್ಲ ಕಣೇ, ನುಗ್ಗಿಬಿಟ್ವು. ಮುಂದಿನ ವರ್ಷ ಹದಿನಾರು ಸುತ್ತು ಹೇಳ್ಕೊಡ್ತೀನಿ."

"ಮಕ್ಕಳಿಗಿರೋದು ಹತ್ತೇ ಬೆರಳು ಕಣ್ರೀ," ಎಂದೆ.