ಸತ್ತ ಅಪ್ಪನನ್ನು ಮಂಗಳೂರಿಗೆ ಕಳಿಸಿದ್ದು

ನನಗೆ ಎಲ್ಲರ ದನಿಯೂ ಬರುತ್ತದೆ. ನನ್ನದು ಮಾತ್ರ ಇಂಟರ್‌ವ್ಯೂಗಳಲ್ಲಿ ಕೈ ಕೊಡುತ್ತದೆ. ದಾವಣಗೆರೆಯ ಅತ್ತೆ ಮಂಡಿ ಆಪರೇಷನ್ ಮಾಡಿಸಿಕೊಂಡು ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ, ನಾನು ಆಡುತ್ತಿದ್ದ ವಿಡಿಯೋ ಗೇಮಿಗೆ ಕನ್ನಡ ದನಿ ಕೊಟ್ಟು ಅವರನ್ನು ರಂಜಿಸಲು ಹೊರಟೆ. ಕುದುರೆಯ ಮೇಲೆ ತಿರುಗುವ ಅಪ್ಪ-ಮಗಳ ಕತೆ. ಮಗಳಿಗೆ ಪಕ್ಕದ ಮನೆ ಆಂಟಿಯ ಕೀರಲು ದನಿ. ಅಪ್ಪನಿಗೆ, ಬುದ್ಧಿಯಿಲ್ಲದೆ, ಆಗಷ್ಟೇ ತೀರಿಕೊಂಡಿದ್ದ ಅತ್ತೆಯ ಗಂಡ, ನನ್ನ ಮಾವನ ದನಿ. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಥೇಟ್ ಅವ್ರಂಗೇ ಐತಲ್ಲೋ!"

ಆ ಗೇಮಿನ ಮೊದಲ ಭಾಗ ನಮ್ಮ ಮೆಟ್ರೋ ಇದ್ದ ಹಾಗೆ. ವಿಜಯನಗರದಲ್ಲಿ ಹತ್ತಿದರೆ ಹಳಿ ಹೋದಲ್ಲಿಗೇ ಹೋಗಬೇಕು. ಕೊನೆಯಲ್ಲಿ ಅಪ್ಪನಿಗೆ ಗುಂಡು ಬಿತ್ತು, ತಪ್ಪಿಸುವ ದಾರಿಯೇ ಇರಲಿಲ್ಲ. ಮಾವನ ದನಿಯಲ್ಲಿ ಸಾಯಲು ನನ್ನಿಂದಾಗಲಿಲ್ಲ. ಟಿವಿ ಆರಿಸಿ, "ಸಣ್ಣ ಗಾಯ ಅತ್ತೆ. ಸಮುದ್ರದ ಗಾಳಿಗೆ ಅಂತ ಮಂಗಳೂರ ಕಡೆ ಹೋದ್ರು," ಎಂದೆ.

ಇನ್ನೊಂದು ಮಂಡಿಗೆಂದು ಅತ್ತೆ ಮತ್ತೆ ಬರುವ ಹೊತ್ತಿಗೆ ಎರಡನೇ ಭಾಗ ಬಂದಿತ್ತು. ಇದು ಓಪನ್ ವರ್ಲ್ಡ್. ಇಡೀ ನಾಡು ತೆರೆದಿದೆ, ನಾವು ಹೋಗುವವರೆಗೂ ಕತೆ ಕಾಯುತ್ತದೆ. ಕತೆಯ ಬಿಗಿಯೇ ಹೋಯಿತೆಂದು ಗೆಳೆಯರು ಗೊಣಗಿದರು. ನನಗೆ ಬೇಕಾಗಿದ್ದೂ ಅದೇ. ನಕ್ಷೆಯಲ್ಲಿ ಕತೆಯ ಮೊದಲ ಗುರುತು ಅಪ್ಪನ ಸಮಾಧಿಯ ಮೇಲಿತ್ತು. ಅತ್ತ ಸುಳಿಯದೆ, ಮಗಳಾಗಿ ವಾರವಿಡೀ ಮೀನು ಹಿಡಿದೆ, ಕುದುರೆ ಪಳಗಿಸಿದೆ, ಅಪರಿಚಿತರ ಕೋಳಿ ಹುಡುಕಿಕೊಟ್ಟೆ.

"ಅಲ್ಲೋ, ಅವ್ರಪ್ಪ ಎಲ್ಲಿ?"

"ದಾರೀಲಿ ಇದಾರೆ ಅತ್ತೆ."

"ಎಂಥಾ ದಾರಿನೋ? ಮಾರೇನಹಳ್ಳಿಗೆ ಕೊತ್ತಂಬರಿ ತರೋಕೆ ಕಳ್ಸಿದ್ರೂ ನೀನು ಹಿಂಗೇ ಊರು ಸುತ್ತಿ ಬರ್ತೀಯ. ನಾಳೆ ನಾನು ಹೊರಡ್ಬೇಕು. ಒಂದ್ಸಲ ಆ ದನಿ ಕೇಳ್ಸು."

ನಕ್ಷೆ ನೋಡದೆ ಜಿಂಕೆಯೊಂದರ ಹಿಂದೆ ಕುದುರೆ ಓಡಿಸಿದೆ. ಅದು ಗುಡ್ಡ ಹತ್ತಿ ನಿಂತಿತು. ಹುಲ್ಲಿನ ನಡುವೆ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಯಾರದೋ ಹೊಲದ ಬದು ಅಂದುಬಿಡೋಣ ಎಂದುಕೊಂಡೆ. ಆದರೆ ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಮಾವನ ಮೇಲೆ ವಿಭೂತಿ, ಬಿಲ್ವಪತ್ರೆ ಹಾಕಿದ ಕೈ ಅತ್ತೆಯದು. ಹೂತ ಮಣ್ಣು ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮಂಗಳೂರು ಅಂದ್ಯಲ್ಲೋ?"

ಹೂವಿಡಲು ಬಟನ್ ಒತ್ತಿ ಎಂದು ತೆರೆಯ ಮೇಲೆ ಸೂಚನೆ ಮಿನುಗುತ್ತಿತ್ತು. ಅತ್ತೆ ಕಂಟ್ರೋಲರಿಗೆ ಕೈ ಚಾಚಿದರು.

"ಯಾವ್ದು ಒತ್ಬೇಕು?"

"ಇದು. ಪಕ್ಕದ್ದು ಮುಟ್ಬೇಡಿ, ಬಂದೂಕು ಎತ್ತಿಬಿಡ್ತಾಳೆ."

ಹೆಬ್ಬೆರಳು ಬಂದೂಕಿನ ಬಟನ್ ಮೇಲೆ ಕ್ಷಣ ತಡೆಯಿತು. ಬೆರಳು ಸರಿಯಿತು, ಒತ್ತಿತು. ಹುಡುಗಿ ಬಗ್ಗಿ ಹೂವಿಟ್ಟಳು.

ಅತ್ತೆ ಬಹಳ ಹೊತ್ತು ಅದನ್ನೇ ನೋಡಿ, ಕಂಟ್ರೋಲರನ್ನು ನನ್ನ ತೊಡೆಯ ಮೇಲೆ ಹಾಕಿದರು.

"ಇನ್ಮೇಲೆ ಅವ್ರ ದನಿ ಮಾಡ್ಬೇಡ. ಆ ಹುಡುಗೀನ ಎಲ್ಲಿಗಾದ್ರೂ ಕರ್ಕೊಂಡು ಹೋಗು, ಇಲ್ಲೇ ನಿಲ್ಲಿಸ್ಬೇಡ."