ಕಾರ್ಟೂನಿಗೆ ನಕ್ಕ ಭಾವ

ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಟೆಂಟ್ ಸಿನಿಮಾದಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಸಣ್ಣದೊಂದು ಕಾರ್ಟೂನು ತೋರಿಸುತ್ತಿದ್ದರು. ನನ್ನ ಮಟ್ಟಿಗೆ ಅದೇ ನಿಜವಾದ ಸಿನಿಮಾ. ಒಮ್ಮೆ ಸೊರಬದಿಂದ ಬಂದಿದ್ದ ನನ್ನ ಅಕ್ಕನ ಗಂಡ ಮಾತ್ರ, "ಇಂಥದ್ದಕ್ಕೆ ನಗೋರಿಗೆ ಇನ್ನೂ ಬುದ್ಧಿ ಬಲಿತಿಲ್ಲ ಮಾರಾಯ" ಎಂದು ನೆಂಟರೆದುರು ನನ್ನನ್ನು ಹಳಿದು, ಅದು ಮುಗಿಯುವವರೆಗೂ ಹೊರಗೆ ನಿಂತರು. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಟೆಂಟಿನಲ್ಲಿ ಇದ್ದದ್ದು ಒಂದೇ ಯಂತ್ರವಾದ್ದರಿಂದ ರೀಲು ಬದಲಿಸಲು ಆಗಾಗ ಚಿತ್ರ ನಿಲ್ಲುತ್ತಿತ್ತು. ಅಂದು ನಾಯಕಿಯ ತಾಯಿ ಕೊನೆಯುಸಿರೆಳೆಯುವ ಹೊತ್ತಿಗೆ ಆಪರೇಟರು ಅವಸರದಲ್ಲಿ ಕಾರ್ಟೂನಿನ ರೀಲನ್ನೇ ಮತ್ತೆ ಏರಿಸಿಬಿಟ್ಟ. ಪರದೆಯ ಮೇಲೆ ಕಪ್ಪೆಯೊಂದು ಕೊಕ್ಕರೆಯ ಬೆನ್ನೇರಿ ಸವಾರಿ ಹೊರಟಿತು. ಕಣ್ಣೊರೆಸಿಕೊಳ್ಳುತ್ತಿದ್ದ ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತ ನನ್ನ ಮೈಮೇಲೆಯೇ ಉರುಳಿದರು. ಆಪರೇಟರು ತಪ್ಪರಿತು ಯಂತ್ರ ನಿಲ್ಲಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರೂ ಅವರೇ: "ನಿಲ್ಲಿಸ್ಬೇಡ್ರೀ ಮಾರಾಯ್ರೆ! ಅವಳಮ್ಮ ಆಮೇಲೆ ಸಾಯ್ಲಿ!"